ಕಂಬದ ಕೆಳಗಿನ ಹಗೇವು

ಕೊಪ್ಪಳದ ಕಾಳಿನ ಪೇಟೆಯ ಹಿಂದೆ, ಅಂಗಡಿಗಳೆಲ್ಲ ಬೆನ್ನು ಮಾಡಿ ನಿಂತ ಕಡೆ, ಯಾರಿಗೂ ಬೇಡವಾದ ಒಂದು ತುಂಡು ನೆಲ ಇತ್ತು. ಮೂರು ಮೂಲೆಯ ನೆಲ. ಮುರಿದ ಬಂಡಿಗಾಲಿ, ಒಡೆದ ಗಡಿಗೆ, ಕೆಲಸಕ್ಕೆ ಬಾರದ ಮುದಿ ಕತ್ತೆ ಎಲ್ಲವೂ ಕೊನೆಗೆ ಅಲ್ಲಿಗೇ ಬರುತ್ತಿದ್ದವು. ಆ ನೆಲದಲ್ಲಿ ಮೂರು ಹಳೆಯ ಹಗೇವುಗಳಿದ್ದವು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಗಡಿಗೆಯ ಹಾಗೆ ದೊಡ್ಡ ಹೊಟ್ಟೆ. ರೈಲು ಬಂದ ಮೇಲೆ ಜೋಳ ಪೇಟೆಯಲ್ಲಿ ನಿಲ್ಲುವುದನ್ನೇ ಬಿಟ್ಟಿತು. ಹಗೇವುಗಳು ಬರಿದಾಗಿ, ಬಾಯಿ ತೆರೆದುಕೊಂಡು ಬಿಸಿಲು ಕಾಯುತ್ತ ಬಿದ್ದಿದ್ದವು.

ಮನೆ ಪಾಲಾದಾಗ ದೇವೇಂದ್ರಪ್ಪ ಆ ನೆಲವನ್ನೇ ತನ್ನ ಸತ್ತ ಅಣ್ಣನ ಹೆಂಡತಿ ವಿರೂಪಾಕ್ಷಮ್ಮನ ಪಾಲಿಗೆ ತಳ್ಳಿ ಕೈ ತೊಳೆದುಕೊಂಡ.

"ವೈನಿ, ಪ್ಯಾಟಿ ನಟ್ಟನಡುವಿನ ಜಾಗಾರಿ ಅದು. ಮಂದಿ ಕೇಳಿದ್ರ ಹೊಟ್ಟಿ ಉರ್ಕೋತಾರ."

ನಟ್ಟನಡುವೆ ಏನೋ ನಿಜ, ಆದರೆ ತೂತು ಬಿದ್ದ ನೆಲದ ಮೇಲೆ ಯಾರು ಮನೆ ಕಟ್ಟುತ್ತಾರೆ? ವಿರೂಪಾಕ್ಷಮ್ಮ ಮೈದುನನ ಹಿತ್ತಿಲ ಪಡಸಾಲೆಯಲ್ಲಿ ಒಂದು ಟ್ರಂಕು, ಒಂದು ಚಾಪೆ ಇಟ್ಟುಕೊಂಡು ದಿನ ದೂಡಿದಳು. ಹಾಗೆಂದು ಆಕೆ ಸುಮ್ಮನಿರುವ ಹೆಂಗಸು ಎಂದುಕೊಳ್ಳಬೇಡಿ. ಆಕೆಯ ಬಾಯಿಗೆ ಪೇಟೆಯ ದಲಾಲರೇ ಹೆದರುತ್ತಿದ್ದರು. ತನಗೊಬ್ಬಳಿಗೆ ಏನು, ಎಲ್ಲಿ ಬಿದ್ದರೂ ಆದೀತು ಎಂದು ಸುಮ್ಮನಿದ್ದಳು, ಅಷ್ಟೇ.

ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ಕುಷ್ಟಗಿಯಿಂದ ಸುದ್ದಿ ಬಂತು. ಮಗಳು ಪಂಪಾವತಿ ಬಸುರಿ. ವಿರೂಪಾಕ್ಷಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಹಂಚಿ ಬಂದು ಕೂತ ಮೇಲೆ ಎದೆ ಧಸಕ್ಕೆಂದಿತು. ಚೊಚ್ಚಲ ಬಾಣಂತನ ತವರುಮನೆಯಲ್ಲಿ ಆಗಬೇಕು. ತವರೇನೋ ಸರಿ, ಮನೆ ಎಲ್ಲಿದೆ?

ದೇವೇಂದ್ರಪ್ಪನ ಹೆಂಡತಿ ಕಸ್ತೂರೆಮ್ಮ ಕೇಳುವ ಮೊದಲೇ ಹೇಳಿಬಿಟ್ಟಳು.

"ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ನಮ್ಮನಿ ಒಳಗ ಜಾಗಾ ಇಲ್ಲ. ದನದ ಕೊಟ್ಟಿಗಿ ಸಾರಿಸಿ ಕೊಡ್ತೀನಿ, ಬೆಚ್ಚಗ ಇರ್ತೈತಿ."

"ನನ್ನ ಮಗಳೇನು ಆಕಳಲ್ಲ ಬಿಡವ್ವಾ" ಎಂದು ವಿರೂಪಾಕ್ಷಮ್ಮ ಎದ್ದಳು. ಅದೇ ಹೊತ್ತಿಗೆ ಗೌಂಡಿ ಶಬ್ಬೀರಸಾಬನ ಮನೆಗೆ ಹೋಗಿ, "ಸಾಬ್ರ, ಆ ಹಗೇವಿನ ಜಾಗಾದಾಗ ನನಗ ಮನಿ ಬೇಕು. ಮಗಳಿಗೆ ಏಳು ತುಂಬೂದ್ರಾಗ ಆಗಬೇಕು" ಎಂದು ಕೂತುಬಿಟ್ಟಳು.

ಶಬ್ಬೀರಸಾಬ ನಕ್ಕ. ಆಮೇಲೆ ಹೋಗಿ ನೋಡಿದ. ನೋಡಿದ ಮೇಲೆ ನಗಲಿಲ್ಲ, ಏಕೆಂದರೆ ಈ ಹೆಂಗಸು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಹಾಕಿ ಎಲ್ಲವನ್ನೂ ಯೋಚಿಸಿ ಇಟ್ಟಿದ್ದಳು. ಗೋಡೆಗಳು ಹಗೇವುಗಳ ನಡುವಿನ ಗಟ್ಟಿ ನೆಲದ ಮೇಲೆ ನಿಲ್ಲಬೇಕು. ಎರಡು ಬದಿಯ ಎರಡು ಹಗೇವುಗಳು ಮನೆಯ ನೆಲಮಾಳಿಗೆ ಆಗಬೇಕು. ಬೇಸಿಗೆಯಲ್ಲಿ ಮಜ್ಜಿಗೆ ಕೆಡದೆ ಉಳಿಯುತ್ತದೆ. ಮೂಲೆಯ ಚೂಪಿನಲ್ಲಿ ಬಾಡಿಗೆಗೆ ಒಂದು ಬೇರೆ ಕೋಣೆ. ಅಂಗಡಿಗಳ ಹಿಂಗೋಡೆಯೇ ಒಂದು ಕಡೆಯ ಗೋಡೆ. ಒಂದೇ ತೊಡಕು: ಮೂರನೆಯ ಹಗೇವಿನ ಬಾಯಿ ಸರಿಯಾಗಿ ಮನೆಯ ನಡುವೆ ಬರುತ್ತಿತ್ತು. ಮಾಳಿಗೆಯ, ಅಂದರೆ ಮಣ್ಣಿನ ಚಾವಣಿಯ, ಭಾರ ಹೊರುವ ನಡುಗಂಬ ನಿಲ್ಲಬೇಕಾದದ್ದೂ ಅಲ್ಲಿಯೇ.

"ಬಾಯಿಗೆ ಚಪ್ಪಡಿ ಮುಚ್ಚಿ, ಚಪ್ಪಡಿ ಮ್ಯಾಲ ಕಂಬ ನಿಲ್ಲಸ್ತೀನ್ರಿ" ಎಂದ ಶಬ್ಬೀರಸಾಬ. "ಆದ್ರ ಒಮ್ಮಿ ಮುಚ್ಚಿದ್ರ ಮುಗೀತು. ಮತ್ತ ತಗೀಬೇಕಂದ್ರ ಮನಿ ಕೆಡವಬೇಕು."

"ತಗದು ಏನ್ ಮಾಡೂದೈತಿ?" ಎಂದಳು ವಿರೂಪಾಕ್ಷಮ್ಮ.

ಆ ಹಗೇವುಗಳಿಗೆ ಹಿಂದೆ ಇಳಿದು ಜೋಳ ತೆಗೆಯುತ್ತಿದ್ದವನು ಗಾದಿಲಿಂಗಪ್ಪ. ಈಗ ಮುದುಕ. ಅವನು ಬಂದು ಎರಡು ಮಾತು ಹೇಳಿದ. ತೆರೆದ ಹಗೇವಿಗೆ ಇಳಿಯುವ ಮೊದಲು ದೀಪ ಇಳಿಬಿಡಬೇಕು; ದೀಪ ಆರಿದರೆ ಒಳಗೆ ಕೆಟ್ಟ ಝಳ ಇದೆ, ಇಳಿದವನು ಏಳುವುದಿಲ್ಲ. ಮುಚ್ಚುವ ಮೊದಲು ಮನೆಯ ಹಿರಿಯರು ಬಾಯಿಯ ಹತ್ತಿರ ನಿಂತು "ಒಳಗ ಯಾರದಾರ?" ಎಂದು ಕೂಗಬೇಕು. ಯಾರಾದರೂ ಓ ಎಂದರೆ, ಅವರು ಮೇಲೆ ಬರುವ ತನಕ ಮುಚ್ಚಬಾರದು.

"ವರ್ಷಗಟ್ಲೆ ಖಾಲಿ ಬಿದ್ದೈತಿ, ಯಾರಿರ್ತಾರೋ ಅದರಾಗ?" ಎಂದಳು ವಿರೂಪಾಕ್ಷಮ್ಮ.

"ಯಾರೂ ಇರಂಗಿಲ್ರಿ. ಆದ್ರೂ ಕೂಗಬೇಕ್ರಿ" ಎಂದು ಗಾದಿಲಿಂಗಪ್ಪ ಹುಲಿಹೈದರಕ್ಕೆ ನೆಂಟರ ಮದುವೆಗೆ ಹೋದ.

ಗೋಡೆಗಳು ಎದ್ದವು. ಚಪ್ಪಡಿ ಮುಚ್ಚುವ ದಿನ ಮಧ್ಯಾಹ್ನ, ಆಳುಗಳು ಹಾರೆಯ ಮೇಲೆ ಆ ಭಾರಿ ಕಲ್ಲನ್ನು ಎತ್ತಿ ಹಿಡಿದು ನಿಂತಿದ್ದರು. ವಿರೂಪಾಕ್ಷಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಯಿಯ ಮೇಲೆ ಬಗ್ಗಿದಳು. ಕೆಳಗಿನಿಂದ ಹಳೆಯ ಜೋಳದ ಬೆಚ್ಚನೆಯ ಮುಗ್ಗು ವಾಸನೆ ಬಂತು.

"ಒಳಗ ಯಾರದಾರ?" ಎಂದು ಕೂಗಿದಳು.

"ನಾ ಅದೀನಿ ಬೇ!"

ಎಲ್ಲರೂ ಬೆಚ್ಚಿ ತಿರುಗಿದರು. ಬಾಗಿಲಿಲ್ಲದ ಬಾಗಿಲ ಜಾಗದಲ್ಲಿ ಪಂಪಾವತಿ ನಿಂತಿದ್ದಳು, ಕಂಕುಳಲ್ಲಿ ಗಂಟು, ಮುಖದ ತುಂಬ ನಗು. ಕುಷ್ಟಗಿಯಿಂದ ಮೋಟಾರು ಹಿಡಿದು, ಹೇಳಿದ್ದಕ್ಕಿಂತ ಮೊದಲೇ ಬಂದಿದ್ದಳು. ಅವ್ವ ಮನೆಯೊಳಗೆ ಯಾರಿದ್ದಾರೆ ಎಂದು ಕೇಳಿದಳು, ಮಗಳು ನಾನಿದ್ದೇನೆ ಅವ್ವಾ ಎಂದಳು. ತಪ್ಪೇನು ಹೇಳಿ?

"ಎಷ್ಟ ಸೊರಗಿ ನನ ಮಗಳ! ಒಬ್ಬಾಕಿನ ಬಂದೇನ? ಗಂಡಗ ಬುದ್ಧಿ ಇಲ್ಲೇನ?" ವಿರೂಪಾಕ್ಷಮ್ಮನಿಗೆ ಜಗತ್ತೇ ಮರೆತುಹೋಯಿತು.

"ಅವ್ವಾರ, ಕೈ ಸೋಲಾಕತ್ತಾವ್ರಿ, ಹಾಕಲೇನು?" ಎಂದ ಶಬ್ಬೀರಸಾಬ.

"ಹಾಕ್ರಿ, ಹಾಕ್ರಿ" ಎಂದಳು ಆಕೆ, ಮಗಳ ಗಲ್ಲ ಹಿಡಿದುಕೊಂಡೇ.

ಚಪ್ಪಡಿ ಧಡ್ಡನೆ ಕೂತಿತು. ಅಂಚಿನಿಂದ ಉಸಿರು ಬಿಟ್ಟ ಹಾಗೆ ಸ್ವಲ್ಪ ಧೂಳು ಎದ್ದಿತು. ಆಳುಗಳು ಹಸಿ ಮಣ್ಣು ಮೆತ್ತಿದರು. ಮರುದಿನ ಅದರ ಮೇಲೆ ಕಂಬ ನಿಂತಿತು.

ಮನೆ ಮುಗಿದಾಗ ಪೇಟೆಯ ಮಂದಿ ನೋಡಲು ಬಂದರು. ಕತ್ತೆ ಕಟ್ಟುವ ಜಾಗದಲ್ಲಿ ಎಂಥ ಮನೆ! ಅಡುಗೆಗೆ ಒಂದು ಮೂಲೆ, ಮಲಗಲು ಕಟ್ಟೆ, ಗೋಡೆಯೊಳಗೇ ಗೂಡುಗಳು, ಕಾಲಡಿಯಲ್ಲಿ ತಣ್ಣನೆಯ ಉಗ್ರಾಣ. ಮೂಲೆಯ ಬಾಡಿಗೆ ಕೋಣೆಗೆ ಸೂಲಗಿತ್ತಿ ಫಾತಿಮಾಬೀ ಬಂದಳು. ಬಾಣಂತನಕ್ಕೆ ಗೋಡೆಯಾಚೆಯೇ ಆಸರೆ ಸಿಕ್ಕಿತು. ಕಸ್ತೂರೆಮ್ಮ ಸಹ ಬಂದು ಮೂಗಿನ ಮೇಲೆ ಬೆರಳಿಟ್ಟಳು. ವಿರೂಪಾಕ್ಷಮ್ಮನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ನನ್ನ ಮಗಳಿಗೆ ತವರು ಆಯಿತು, ತವರು ಆಯಿತು ಎಂದು ಸಿಕ್ಕವರಿಗೆಲ್ಲ ಹೇಳಿದಳು.

ಪಂಪಾವತಿ ಮಾತ್ರ ಮಾತಾಡುವುದನ್ನು ಕಡಿಮೆ ಮಾಡಿದಳು.

ಮೊದಮೊದಲು ಬಸುರಿಯ ಆಯಾಸ ಎಂದುಕೊಂಡರು. ಆದರೆ ಅದು ಆಯಾಸವಲ್ಲ. ಕರೆಯುವ ಮೊದಲೇ ಓಗೊಡುತ್ತಿದ್ದ ಹುಡುಗಿ ಈಗ ಕರೆದರೆ ಅವ್ವನ ಮುಖವನ್ನೇ ನೋಡುತ್ತ ಕೂರುತ್ತಿದ್ದಳು. ಮೈ ಯಾವಾಗಲೂ ಬೆಚ್ಚಗೆ, ಕಣ್ಣು ದೂರ. ತಲೆ ಬಾಚಿದರೆ ಕೂದಲಿನಿಂದ ಜೋಳದ ಹೊಟ್ಟು ಉದುರುತ್ತಿತ್ತು. ಆ ಮನೆಗೆ ಜೋಳದ ಹಿಟ್ಟು ಬರುತ್ತಿತ್ತೇ ಹೊರತು ಹೊಟ್ಟಿರುವ ಕಾಳು ಇನ್ನೂ ಬಂದಿರಲಿಲ್ಲ. ಸಂಜೆ ದೀಪ ಹಚ್ಚಿ ಆಕೆಯ ಪಕ್ಕ ಇಟ್ಟರೆ ಕುಡಿ ಸಣ್ಣಗಾಗುತ್ತಿತ್ತು. ದೂರ ಸರಿಸಿದರೆ ಮತ್ತೆ ನೆಟ್ಟಗೆ ಉರಿಯುತ್ತಿತ್ತು. ವಿರೂಪಾಕ್ಷಮ್ಮ ಎಣ್ಣೆ ಕೆಟ್ಟದ್ದು ಎಂದು ಗಾಣದವನ ಜೊತೆ ಜಗಳ ತೆಗೆದಳು.

ಒಂದು ದಿನ ಊಟಕ್ಕೆ ಎಡೆ ಮಾಡಿ, "ಪಂಪೀ, ಬಾ" ಎಂದು ಕೂಗಿದಳು. ಮಗಳು ಎದುರಿಗೇ ಕಟ್ಟೆಯ ಮೇಲೆ ಕೂತಿದ್ದಳು. ಆಕೆಯ ತುಟಿ ಅಲುಗಿತು, ದನಿ ಬರಲಿಲ್ಲ.

"ಓ ಬೇ" ಎಂದಿತು ಕಂಬದ ಬುಡ.

ವಿರೂಪಾಕ್ಷಮ್ಮನ ಕೈಯಲ್ಲಿದ್ದ ರೊಟ್ಟಿ ಬಿತ್ತು. ಬಿದ್ದದ್ದನ್ನು ಎತ್ತಿ, ಧೂಳು ಕೊಡವಿ, ಮಗಳ ತಟ್ಟೆಗೆ ಹಾಕಿದಳು. ಏನೂ ಕೇಳದವಳ ಹಾಗೆ ಪಲ್ಯ ಬಡಿಸಿದಳು.

ಮರುದಿನ ಮಗಳನ್ನು ಫಾತಿಮಾಬೀ ಜೊತೆ ಬಾವಿಯ ಕಡೆ ಕಳಿಸಿ, ಬಾಗಿಲು ಹಾಕಿಕೊಂಡಳು. ಹೊರಗೆ ಪೇಟೆಯ ಗದ್ದಲ, ಹಮಾಲರ ಕೂಗು, ಬಿಸಿಲು. ಒಳಗೆ ಆಕೆ ಕಂಬದ ಬುಡದಲ್ಲಿ ಮೊಣಕಾಲೂರಿ, ಹಗುರಾಗಿ ಕರೆದಳು.

"ಪಂಪೀ."

"ಓ ಬೇ." ಕಲ್ಲಿನ ಕೆಳಗಿನಿಂದ ದನಿ ಸ್ಪಷ್ಟವಾಗಿ ಬಂತು. "ಇಲ್ಲಿ ಕತ್ತಲೈತಿ. ಉಸರಾಡಾಕ ಆಗವಲ್ದು. ನಾ ಅದೀನಿ ಅಂದ್ನೆಲ್ಲ ಬೇ, ಯಾಕ ಮುಚ್ಚಿದಿ?"

ವಿರೂಪಾಕ್ಷಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಆ ಹೊತ್ತಿಗೇ ಆಕೆಗೆ ಎಲ್ಲ ತಿಳಿಯಿತು. ಕೂಗಿದ್ದು ಹಗೇವಿಗೆ, ಓ ಎಂದದ್ದು ಮಗಳು, ಮೇಲೆ ಬರುವ ತನಕ ಕಾಯದೆ ಹಾಕ್ರಿ ಎಂದದ್ದು ತಾನು. ತಿಳಿದರೂ ಸುಮ್ಮನಿದ್ದಳು. ಹೇಳಲು ನನಗೂ ಸಿಟ್ಟು ಬರುತ್ತದೆ, ಆದರೆ ಇದ್ದದ್ದು ಹಾಗೆ. ಚಪ್ಪಡಿ ತೆಗೆದರೆ ಕಂಬ ಹೋಗುತ್ತದೆ, ಕಂಬ ಹೋದರೆ ಮಾಳಿಗೆ, ಮಾಳಿಗೆ ಹೋದರೆ ಮಗಳು ಕಸ್ತೂರೆಮ್ಮನ ಕೊಟ್ಟಿಗೆಯಲ್ಲಿ ಹೆರಬೇಕು. ಗಾಳಿ ಇರಬೇಕು, ಅಂಗಡಿಯವರ ಮಾತು ಗೋಡೆಯಿಂದ ಬರುತ್ತಿರಬೇಕು ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು. ಕಂಬದ ಬುಡಕ್ಕೆ ಗೋಣಿಚೀಲ ಹಾಸಿದಳು.

ಗಾದಿಲಿಂಗಪ್ಪ ಮದುವೆ ಮುಗಿಸಿಕೊಂಡು ಮನೆ ನೋಡಲು ಬಂದ. ಹೊಸ್ತಿಲ ಹೊರಗೆ ನಿಂತು ಒಳಗೆ ಕೂತಿದ್ದ ಪಂಪಾವತಿಯನ್ನು ನೋಡಿದ. ಮೂಗು ಅರಳಿಸಿ ವಾಸನೆ ಹಿಡಿದ.

"ಮುಚ್ಚೂಮುಂದ ಕೂಗಿದ್ರೇನ್ರಿ ಅವ್ವಾರ?"

"ಕೂಗಿದೆ."

"ಯಾರರ ಓ ಅಂದ್ರೇನು?"

ಪೇಟೆಯ ಬಾಯನ್ನೇ ಮುಚ್ಚಿಸುವ ಹೆಂಗಸು ನೆಲ ನೋಡುತ್ತ ನಿಂತಳು.

"ಓ ಅಂದ ಮ್ಯಾಲ ಮುಚ್ಚಿದವರನ್ನ ನಾ ಎಲ್ಲೂ ನೋಡಿಲ್ರಿ" ಎಂದ ಮುದುಕ. "ಮುಂದೇನ್ ಮಾಡಬೇಕು, ನಮ್ಮ ಹಿರ್‍ಯಾರೂ ಹೇಳಿಲ್ಲ. ನನಗ ಗೊತ್ತಿಲ್ರೆವ್ವ." ಅವನು ಹೊರಟ ಅವಸರದಲ್ಲಿ ಚಪ್ಪಲಿಯನ್ನೇ ಬಿಟ್ಟುಹೋದ.

ಅಂದೇ ಫಾತಿಮಾಬೀ ಪಂಪಾವತಿಯ ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಳು. ಕಿವಿ ಇಟ್ಟಳು. ಮತ್ತೆ ಕೈಯಿಟ್ಟಳು.

"ಅವ್ವಾರ, ಕೂಸು ಮಿಸುಕಾಡೂದು ಕೈಗೆ ಹತ್ತವಲ್ದು. ದೂರ ಎಲ್ಲೋ ಇದ್ದಂಗೈತಿ."

ವಿರೂಪಾಕ್ಷಮ್ಮ ಉರಿಯುವ ಹಣತೆಯೊಂದನ್ನು ತಂದು ಮಗಳ ಬಾಯಿಯ ಎದುರು ಹಿಡಿದಳು. ಗಾಳಿ ಇರಲಿಲ್ಲ. ಪಂಪಾವತಿ ಒಂದು ಉಸಿರು ಬಿಟ್ಟಳು, ಹಗುರ ಉಸಿರು. ಕುಡಿ ಮುದುಡಿ ಆರಿತು. ಮುಗ್ಗಿದ ಜೋಳದ ವಾಸನೆ ಬಂತು.

ಆಕೆ ಹಣತೆಯನ್ನು ಅಲ್ಲೇ ಬಿಟ್ಟು, ಕೂದಲು ಕಟ್ಟಿಕೊಂಡು, ಓಡುತ್ತ ಹೋಗಿ ಶಬ್ಬೀರಸಾಬನನ್ನು ಕರೆತಂದಳು.

"ಕಂಬ ಕೀಳ್ರಿ ಸಾಬ್ರ."

"ತಲಿ ಕೆಟ್ಟೈತೇನ್ರಿ? ಮಾಳಿಗಿ ಬೀಳತೈತಿ!"

"ಬೀಳಲಿ."

"ನನ್ನ ಕೈಲೆ ಕಟ್ಟಿದ್ದನ್ನ ನನ್ನ ಕೈಲೆ..."

ವಿರೂಪಾಕ್ಷಮ್ಮ ಮಾತು ಮುಗಿಯಲು ಬಿಡಲಿಲ್ಲ. ಗುದ್ದಲಿ ಎತ್ತಿಕೊಂಡು, ಏಣಿ ಹತ್ತಿ, ಮಾಳಿಗೆಯ ಮಣ್ಣಿಗೆ ತಾನೇ ಮೊದಲ ಏಟು ಹಾಕಿದಳು. ಹಾಕುತ್ತ ಅಳುತ್ತಿದ್ದಳು, ಅಳುತ್ತ ಬೈಯುತ್ತಿದ್ದಳು, ಯಾರನ್ನು ಬೈಯುತ್ತಿದ್ದಳೋ ಆಕೆಗೇ ಗೊತ್ತು. ಶಬ್ಬೀರಸಾಬ ಕೆಳಗಿನಿಂದ ಒಂದು ಗಳಿಗೆ ನೋಡಿದ. ಆಮೇಲೆ ರುಮಾಲು ಬಿಗಿದು ಅವನೂ ಏರಿದ. ಮಾಳಿಗೆ ಇಳಿಯಿತು, ಜಂತಿಗಳು ಇಳಿದವು. ಗೋಡೆಗಳು ಆಕಾಶ ನೋಡುತ್ತ ನಿಂತವು. ಮೂಲೆಯ ಫಾತಿಮಾಬೀ ಕೋಣೆಗೆ ಬೇರೆ ಮಾಳಿಗೆ ಇದ್ದುದರಿಂದ ಅದೊಂದು ಉಳಿಯಿತು.

ಮರುದಿನ ಬೆಳಿಗ್ಗೆ ದೇವೇಂದ್ರಪ್ಪ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಏನ್ ವೈನಿ, ಕಟ್ಟಿದ್ದು ಸಾಲಲಿಲ್ಲಂತ ಕೆಡವಾಕತ್ತೀರೇನು?"

"ಹೌದಪಾ. ನೋಡಿ ಸಾಕಾತು, ಕೆಡವೀನಿ. ಸುಮ್ಮನ ನಿಂತೀಯಲ್ಲ, ಆ ಕಂಬಕ್ಕೊಂದು ಕೈ ಹಚ್ಚು."

ಆಕೆಯ ಮುಖ ನೋಡಿ ಅವನು ನಿಜವಾಗಿಯೂ ಕೈ ಹಚ್ಚಿದ. ಕಂಬ ಮಲಗಿತು. ಹಾರೆ ಹಾಕಿ ಮೀಟಿದಾಗ ಚಪ್ಪಡಿ ಸರಿಯಿತು. ಒಳಗಿನಿಂದ ಬಂದ ಝಳಕ್ಕೆ ಗಂಡಸರಿಬ್ಬರೂ ಹಿಂದೆ ಸರಿದರು. ವಿರೂಪಾಕ್ಷಮ್ಮ ದೀಪ ಇಳಿಬಿಟ್ಟಳು. ಆರಿತು. ಮತ್ತೆ ಹಚ್ಚಿ ಬಿಟ್ಟಳು. ಆರಿತು. ಬಿಸಿಲು ನೆತ್ತಿಗೆ ಬಂದಾಗ ಒಮ್ಮೆ ಕುಡಿ ನಡುಗಿ ನಿಂತಿತು. ಆಗ ಆಕೆ ಬಾಯಿಯ ಮೇಲೆ ಬಗ್ಗಿದಳು.

"ಒಳಗ ಯಾರದಾರ?"

"ನಾ ಅದೀನಿ ಬೇ."

ದೇವೇಂದ್ರಪ್ಪ ಹಿಂತಿರುಗಿ ನೋಡಿದ. ಪಂಪಾವತಿ ಮಣ್ಣಿನ ಗುಡ್ಡೆಯ ಮೇಲೆ, ಬಿಸಿಲಲ್ಲಿ, ಬಾಯಿ ಮುಚ್ಚಿಕೊಂಡು ಕೂತಿದ್ದಳು. ಶಬ್ಬೀರಸಾಬನ ತುಟಿ ಅಲ್ಲಾಹನ ಹೆಸರು ಹೇಳತೊಡಗಿತು.

"ಮ್ಯಾಲ ಬಾರ ನನ ಮಗಳ. ಹಗ್ಗ ಹಿಡಿ" ಎಂದು ವಿರೂಪಾಕ್ಷಮ್ಮ ಹಗ್ಗ ಬಿಟ್ಟಳು.

ಹಗ್ಗ ಸಡಿಲವಾಗಿ ಇಳಿಯಿತು, ಇಳಿಯಿತು, ಆಮೇಲೆ ಬಿಗಿಯಿತು. ಮೂವರೂ ಜಗ್ಗಿದರು. ಒಬ್ಬ ಹೆಂಗಸಿನಷ್ಟು ಭಾರ. ತೋಳಿನ ಸೆಳೆತಕ್ಕೆ ಗೊತ್ತಾಗುತ್ತಿತ್ತು. ಜಗ್ಗಿ ಜಗ್ಗಿ ಬಾಯಿಯ ತನಕ ತಂದಾಗ ಭಾರ ಒಮ್ಮೆಲೇ ಹೋಯಿತು. ಹಗ್ಗದ ತುದಿ ಬರಿದೇ ಮೇಲೆ ಬಂತು. ಹಿಡಿದ ಜಾಗ ಮಾತ್ರ ಬೆಚ್ಚಗಿತ್ತು.

"ಎಷ್ಟ ಕರದ್ನೆ ಬೇ! ಕಿವಿ ಕೇಳಂಗಿಲ್ಲೇನ ನಿನಗ?"

ಒರಟು ದನಿ, ಧೂಳು ಕುಡಿದ ದನಿ, ಆದರೆ ಪಂಪಾವತಿಯ ಬಾಯಿಂದಲೇ ಬಂದ ದನಿ. ಆಕೆ ಎದ್ದು ನಿಂತು, ಕೆಮ್ಮುತ್ತ, ಕಣ್ಣು ಕುಕ್ಕುವ ಬಿಸಿಲಿಗೆ ಕೈ ಅಡ್ಡ ಹಿಡಿದಿದ್ದಳು. ವಿರೂಪಾಕ್ಷಮ್ಮ ಓಡಿಹೋಗಿ ಮಗಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಮನೆ ಹೋದದ್ದು ಆಕೆಯ ನೆನಪಿಗೂ ಬರಲಿಲ್ಲ.

"ಮುಚ್ಚಿಬಿಡೂಣ್ರಿ ಅವ್ವಾರ, ಬೇಗ ಮುಚ್ಚಿಬಿಡೂಣ" ಎಂದ ಶಬ್ಬೀರಸಾಬ.

"ತಡೀರಿ" ಎಂದಳು ವಿರೂಪಾಕ್ಷಮ್ಮ.

ಪಂಪಾವತಿ ಹೊಟ್ಟೆ ಹಿಡಿದುಕೊಂಡಿದ್ದಳು. "ಇದು ಇನ್ನೂ ಮಿಸುಕವಲ್ದು ಬೇ" ಎಂದಳು. ಹೇಳುತ್ತಲೇ ಬಗ್ಗಿದಳು. ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು.

ಫಾತಿಮಾಬೀ ಆಕೆಯನ್ನು ತನ್ನ ಮೂಲೆಯ ಕೋಣೆಗೆ ಕರೆದುಕೊಂಡು ಹೋದಳು. ಕಸ್ತೂರೆಮ್ಮ ಯಾರೂ ಕರೆಯದೆ ಬಿಸಿನೀರಿನ ಹಂಡೆ ಹೊತ್ತು ತಂದಳು. ಗಂಡಸರು ಹೊರಗೆ ಕಾದರು. ಸೂರ್ಯ ಅಂಗಡಿಗಳ ಹಿಂದೆ ಇಳಿಯುವ ಹೊತ್ತಿಗೆ ಕೂಸು ಬಂತು. ಹೆಣ್ಣು. ಸಣ್ಣದು, ಆದರೆ ಬೆರಳು ಉಗುರು ಎಲ್ಲ ನೆಟ್ಟಗಿದ್ದವು. ಅಳಲಿಲ್ಲ.

ಫಾತಿಮಾಬೀ ಕಾಲು ಹಿಡಿದು ತಿರುಗಿಸಿದಳು, ಬೆನ್ನಿಗೆ ತಟ್ಟಿದಳು, ಮುಖಕ್ಕೆ ನೀರು ಚಿಮುಕಿಸಿದಳು. ಕೂಸು ಬೆಚ್ಚಗಿತ್ತು, ಕಣ್ಣು ತೆರೆದಿತ್ತು, ದನಿ ಇರಲಿಲ್ಲ, ಉಸಿರಿರಲಿಲ್ಲ. ಪಂಪಾವತಿ ಅವ್ವನ ಮುಖ ನೋಡಿದಳು.

ನಾ ಅದೀನಿ ಎಂದಾಗ ಬಾಗಿಲಲ್ಲಿ ನಿಂತದ್ದು ಒಂದು ಜೀವವಲ್ಲ, ಎರಡು. ಮೇಲೆ ಎಳೆದದ್ದು ಒಂದನ್ನೇ.

ವಿರೂಪಾಕ್ಷಮ್ಮ ಹೊರಗೆ ಓಡಿದಳು. ಹಗೇವಿನ ಬಾಯಿಯಲ್ಲಿ ಬೋರಲು ಬಿದ್ದು ಕೂಗಿದಳು. ಒಳಗಿನಿಂದ ಉತ್ತರ ಬರಲಿಲ್ಲ. ಮಾತು ಬಾರದ ಕೂಸು, ಏನೆಂದು ಓಗೊಡಬೇಕು? ಹಗ್ಗ ಬಿಟ್ಟರೆ ಯಾವ ಕೈಯಿಂದ ಹಿಡಿಯಬೇಕು? ಆಕೆ ಸುತ್ತ ನೋಡಿದಳು. ಮಣ್ಣು ಹೊರುವ ಬುಟ್ಟಿಯೊಂದು ಬಿದ್ದಿತ್ತು. ಅದನ್ನು ಹಗ್ಗಕ್ಕೆ ಕಟ್ಟಿ, ಟ್ರಂಕಿನಲ್ಲಿದ್ದ ತನ್ನ ಹಳೆಯ ಮೆತ್ತನೆಯ ಸೀರೆಯನ್ನು ಒಳಗೆ ಹಾಸಿ, ತೊಟ್ಟಿಲು ಇಳಿಸುವ ಹಾಗೆ ನಿಧಾನ ಇಳಿಸಿದಳು.

"ಬಾರ ನನ ಬಂಗಾರ" ಎಂದು ಕತ್ತಲಿಗೆ ಹೇಳಿದಳು. "ನಿಮ್ಮಜ್ಜಿ ಅದೀನಿ. ಹೆದರಬ್ಯಾಡ. ಬುಟ್ಟ್ಯಾಗ ಮಲಕೋ."

ಬುಟ್ಟಿ ತಳ ಮುಟ್ಟಿತು. ಕಾದಳು. ಹಗ್ಗದಲ್ಲಿ ಏನೋ ಒಂದು ಅಲುಗಿದ ಹಾಗಾಯಿತು. ಎಳೆದಳು, ಒಬ್ಬಳೇ ಎಳೆದಳು, ಕೈ ಹಚ್ಚಲು ಬಂದ ಮೈದುನನನ್ನು ಮೊಣಕೈಯಿಂದ ದೂರ ನೂಕಿದಳು. ಬುಟ್ಟಿ ಹೋದಾಗಿನಷ್ಟು ಹಗುರ ಇರಲಿಲ್ಲ. ಒಂದು ಕೂಸಿನಷ್ಟು ಭಾರ ಇತ್ತು. ಗೋಡೆಗೆ ತಾಗದ ಹಾಗೆ, ಉಸಿರು ಬಿಗಿಹಿಡಿದು, ಬಾಯಿಯ ತನಕ ತಂದಳು. ಬಿಸಿಲಿನ ಕೊನೆಯ ತುಣುಕು ಬುಟ್ಟಿಯ ಮೇಲೆ ಬಿತ್ತು. ಸೀರೆಯ ನಡುವೆ ಒಂದು ಗುಳಿ ಬಿದ್ದಿತ್ತು, ಅಷ್ಟೇ. ಬುಟ್ಟಿ ಬರಿದಾಗಿತ್ತು.

ಆಗ ಮೂಲೆಯ ಕೋಣೆಯಿಂದ ಕೂಸು ಕಿರುಚಿ ಅತ್ತಿತು. ಪೇಟೆಯ ಆ ತುದಿಯ ತನಕ ಕೇಳುವಂತೆ ಅತ್ತಿತು.

ವಿರೂಪಾಕ್ಷಮ್ಮ ಬುಟ್ಟಿಯನ್ನು ಎದೆಗವಚಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಸುತ್ತ ಮುರಿದ ಗೋಡೆ, ಮಣ್ಣು, ಮಲಗಿದ ಕಂಬ. ದೇವೇಂದ್ರಪ್ಪ ಮೊದಲು ಮಾತಾಡಿದ.

"ವೈನಿ, ಕೊಟ್ಟಿಗಿ ಬ್ಯಾಡ. ನಮ್ಮ ನಡುಮನಿಯಾಗ ಹಾಸಿಗಿ ಹಾಸತೀವಿ."

"ಬ್ಯಾಡಪಾ" ಎಂದಳು ಆಕೆ. "ನನ ಮೊಮ್ಮಗಳು ನನ್ನ ಜಾಗಾದಾಗ ಹುಟ್ಯಾಳ. ಇಲ್ಲೇ ಇರ್ತಾಳ. ಸಾಬ್ರ, ಈ ಸರ್ತಿ ಕಂಬ ಬ್ಯಾರೆ ಕಡೆ ನಿಲ್ಲಸೂಣು."

"ಹೂಂ ರಿ. ಆದ್ರ ಇದನ್ನ ಮೊದಲ ಮುಚ್ಚೂಣ್ರಿ" ಎಂದ ಶಬ್ಬೀರಸಾಬ.

ಮುಚ್ಚಬೇಕೆಂದರೆ ಕೂಗಬೇಕು. ಆಕೆ ಕೈಯೆತ್ತಿ ಎಲ್ಲರಿಗೂ ಸನ್ನೆ ಮಾಡಿದಳು. ದೇವೇಂದ್ರಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕೋಣೆಯ ಬಾಗಿಲಲ್ಲಿ ಫಾತಿಮಾಬೀ, ಕಸ್ತೂರೆಮ್ಮ ಇಬ್ಬರೂ ತುಟಿಗೆ ಸೆರಗು ಒತ್ತಿಕೊಂಡರು. ಅವರ ಹಿಂದೆ ಪಂಪಾವತಿ ಕೂಸಿನ ಬಾಯಿಗೆ ಮೊಲೆ ಇಟ್ಟು, ತಾನು ಹಲ್ಲು ಕಚ್ಚಿ ಕೂತಳು.

"ಒಳಗ ಯಾರದಾರ?" ಎಂದು ವಿರೂಪಾಕ್ಷಮ್ಮ ಕೂಗಿದಳು.

ಏನೂ ಬರಲಿಲ್ಲ. ಕೂಸು ಹಾಲು ಚೀಪುವ ಸದ್ದೊಂದೇ ಕೇಳುತ್ತಿತ್ತು. ಆಕೆ ಅವಸರ ಮಾಡಲಿಲ್ಲ. ಕೂಸು ಕುಡಿದು ಮಲಗುವ ತನಕ ಬಾಯಿಯ ಹತ್ತಿರವೇ ಕಿವಿಯಿಟ್ಟು ಕೂತಿದ್ದಳು. ಆಮೇಲೆ ಶಬ್ಬೀರಸಾಬನ ಕಡೆ ತಿರುಗಿ ತಲೆಯಾಡಿಸಿದಳು, ಅವನು ಚಪ್ಪಡಿ ಎಳೆದ.